ಈ ವಾರ ಮಿಸ್ ಬಾಯಿ ನಾನೇ

ಎಳೀಬೇಡಿ ಮಿಸ್. ಎಷ್ಟು ಎಳೆದ್ರೂ ಬರಲ್ಲ. ನೀವು ಹಿಡ್ಕೊಂಡಿರೋದು ಹಿಡಿ ಅಲ್ಲ, ಹಿಡಿ ಇದ್ದ ಜಾಗ. ಆ ತೂತಿಗೆ ಬೆರಳು ಹಾಕಿದ್ರೆ ಬೆರಳೂ ಸಿಕ್ಕೊಳತ್ತೆ, ಬಾಗಿಲೂ ತೆಗೆಯಲ್ಲ. ಹೋದ ವರ್ಷ ಡ್ರಿಲ್ ಮೇಷ್ಟ್ರು ಹಾಗೇ ಮಾಡಿ, ಬೆರಳು ಬಿಡಿಸೋಕೆ ಎಣ್ಣೆ ತರಿಸಬೇಕಾಯ್ತು. ಎಣ್ಣೆ ತರೋಕೆ ಹೋದವನು ನಾನೇ. ಎರಡು ಪೀರಿಯಡ್ ಬಿಟ್ಟು ತಂದೆ ಅನ್ನೋದು ಬೇರೆ ವಿಷಯ.

ಈ ಮಹಡಿ ಮೇಲಿನ ನಕ್ಷೆ ಕೋಣೆ ಬಾಗಿಲು ಹೊರಗಿಂದ ಮಾತ್ರ ತೆಗೆಯೋದು. ಅದು ಇಡೀ ಸ್ಕೂಲಿಗೆ ಗೊತ್ತು. ಅದಕ್ಕೇ ಅಲ್ವಾ ಆ ಹಳೇ ಭೂಗೋಳನ ಹೊಸಿಲ ಮೇಲೆ ಕೂರಿಸಿರೋದು? ಯಾರೇ ಒಳಗೆ ಬರಲಿ, ಭೂಮೀನ ಬಾಗಿಲಿಗೆ ಅಡ್ಡ ಇಟ್ಟೇ ಬರಬೇಕು. ನೀವು ಬಂದ್ರಿ, ಇಟ್ರಿ. ನಾನೂ ನಿಮ್ಮ ಹಿಂದೇನೇ ಬಂದೆ, ದೊಡ್ಡ ನಕ್ಷೆ ಒಬ್ಬರಿಗೆ ಎತ್ತೋಕಾಗಲ್ಲ ಅಂತ. ಆಮೇಲೆ ಧಡ್ ಅಂತು. ಅಷ್ಟೇ ಆಗಿದ್ದು.

ಏನು, ಭೂಗೋಳ ಒಳಗೆ ಹೇಗೆ ಬಂತು ಅಂತಾನಾ? ಉರುಳ್ತು. ಗಾಳಿ ಬೀಸ್ತಲ್ಲ. ದುಂಡಗಿರೋದು ಉರುಳದೆ ಇನ್ನೇನು ಮಾಡತ್ತೆ ಮಿಸ್? ಭೂಮಿ ಒಂದು ಕ್ಷಣಾನೂ ನಿಲ್ಲಲ್ಲ ಅಂತ ಪಾಠ ಮಾಡಿದ್ದು ನೀವೇ... ಕೆಳಗಿನ ಕಬ್ಬಿಣದ ಸ್ಟ್ಯಾಂಡಾ? ಹಾಂ. ಅದೂ ಉರುಳ್ತು. ಭೂಮಿ ಹೋದ ಕಡೆ ಅದೂ ಹೋಗಬೇಕಲ್ಲ ಪಾಪ.

ಬೇಡ ಬೇಡ, ಗಂಟಲಿಗೆ ಕೆಲಸ ಕೊಡಬೇಡಿ. ನಿನ್ನೆವರೆಗೂ ಪಿಸುಮಾತಾದ್ರೂ ಇತ್ತು, ಇವತ್ತು ಅದೂ ಹೋಗಿದೆ. ಡಾಕ್ಟರ್ ಏನು ಹೇಳಿದ್ರು? ಬಾಯಿ ಬಿಟ್ರೆ ಊಟಕ್ಕೆ ಮಾತ್ರ ಅಂತ ತಾನೇ? ಎಲ್ಲಾ ಆ ವಿಶ್ವಸಭೆಯ ಪ್ರಾಕ್ಟೀಸಿಂದ. ನಲವತ್ತು ಕೋತಿಗಳಿಗೆ ನಲವತ್ತು ದೇಶದ ಬಾವುಟ ಕೊಟ್ಟು ‘ಸಭ್ಯವಾಗಿ ಚರ್ಚೆ ಮಾಡಿ’ ಅಂದ್ರೆ ಇನ್ನೇನಾಗತ್ತೆ. ಬಾವುಟದ ಕೋಲಲ್ಲೇ ಮೂರನೇ ಮಹಾಯುದ್ಧ ಆಗೋಯ್ತು. ಅದನ್ನ ನಿಲ್ಲಿಸೋಕೆ ಹೋಗಿ ನಿಮ್ಮ ಗಂಟಲು ಹುತಾತ್ಮ.

ನಗಬೇಡಿ, ನಗೋದಕ್ಕೂ ಗಂಟಲು ಬೇಕು.

ಕೂತ್ಕೊಳಿ. ಇಲ್ಲಿ, ಈ ನಕ್ಷೆ ಸುರುಳಿಗಳ ಮೇಲೆ. ಧೂಳು ಹೊಡೀತೀನಿ ಇರಿ. ಯಾವುದೋ ಸಮುದ್ರದ ಮೇಲೆ ಕೂತಿದ್ದೀರಿ, ಹಾಯಾಗಿರತ್ತೆ. ಸಭೆ ಶುರುವಾಗೋಕೆ ಇನ್ನೂ ಹೊತ್ತಿದೆ. ಎಲ್ಲರೂ ಆ ಕಡೆ ಹಾಲಿನಲ್ಲಿ ಕುರ್ಚಿ ಹಾಕ್ತಿದ್ದಾರೆ. ಆ ಮೈಕಿನವನು ಬೆಳಗ್ಗೆಯಿಂದ ‘ಹಲೋ ಹಲೋ’ ಅಂತಾನೇ ಇದ್ದಾನೆ, ಯಾರೂ ಎತ್ಕೊಳ್ತಿಲ್ಲ. ಅದರ ಮಧ್ಯೆ ನಾವು ಬಾಗಿಲು ಬಡಿದ್ರೆ ಯಾರಿಗೆ ಕೇಳತ್ತೆ? ನಕ್ಷೆ ಯಾಕೆ ಬರಲಿಲ್ಲ ಅಂತ ಯಾರಾದ್ರೂ ಹುಡುಕ್ಕೊಂಡು ಬಂದೇ ಬರ್ತಾರೆ. ನಿಮ್ಮ ಫೋನು? ಹಾಲಿನಲ್ಲೇ ಚಾರ್ಜಿಗೆ ಹಾಕಿದ್ರಿ. ನಾನು ನೋಡಿದ್ದೆ. ಅಂದ್ರೆ... ಹಾಗೇ ಕಣ್ಣಿಗೆ ಬಿತ್ತು.

ನಿಜ ಹೇಳಲಾ ಮಿಸ್? ಈ ವಾರದಷ್ಟು ಒಳ್ಳೇ ವಾರ ನನ್ನ ಜನ್ಮದಲ್ಲೇ ಬಂದಿಲ್ಲ. ನಿಮ್ಮ ದನಿ ತೆಗೆದು ಅಣಕಿಸಿದ್ದಕ್ಕೆ ಎಷ್ಟು ಸಲ ಕ್ಲಾಸಿಂದ ಆಚೆ ನಿಂತಿಲ್ಲ ನಾನು? ಅಂಥವನನ್ನ ಕರೆದು, ಪಕ್ಕದಲ್ಲಿ ನಿಲ್ಲಿಸಿಕೊಂಡು, ಕಿವಿಯಲ್ಲಿ ಪಿಸುಗುಟ್ಟಿದ್ರಿ: ‘ನನ್ನ ಹಾಗೆ ಮಾತಾಡೋಕೆ ಬರತ್ತಲ್ಲ, ಮಾತಾಡು.’ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ನೀವು ಪಿಸುಗುಟ್ಟೋದು, ನಾನು ಜೋರಾಗಿ ಹೇಳೋದು. ‘ಮಕ್ಕಳೇ, ಇಲ್ಲಿ ನೋಡಿ. ಗೋಡೆ ಮೇಲಿನ ಹಲ್ಲೀನ ಅದರ ಪಾಡಿಗೆ ಬಿಡಿ, ಅದು ಪರೀಕ್ಷೆ ಬರೆಯಲ್ಲ.’ ಇದು ನೀವೇ ಅಲ್ವಾ? ಹುಬ್ಬೂ ಸೇರಿಸಿ.

ಮನೆಯಲ್ಲಿ ಅಮ್ಮನಿಗೆ ಹೇಳಿದೆ, ಈ ವಾರ ಮಿಸ್ ಬಾಯಿ ನಾನೇ ಅಂತ. ಅಮ್ಮ ಹೊಲಿಗೆ ಮಿಷನ್ ತುಳಿಯೋದು ನಿಲ್ಲಿಸಿ, ‘ಪಾಪ ಆ ಹೆಣ್ಣುಮಗಳು, ಅವಳಿಗೆ ಇನ್ಯಾರೂ ಸಿಗಲಿಲ್ವಾ’ ಅಂದ್ರು.

ಅದಕ್ಕೆ ಮುಂಚೆ ನಿಮ್ಮ ಕ್ಲಾಸಿನಲ್ಲಿ ನಾನು ಕೇಳಿಸ್ಕೊಂಡಿದ್ದೇ ಕಮ್ಮಿ. ‘ಇಂದಿನ ಜಗತ್ತಿನ ಸಮಸ್ಯೆಗಳು’ ಅಂತ ಬೋರ್ಡ್ ಮೇಲೆ ಬರೆದಾಗ, ನನ್ನ ಸಮಸ್ಯೆನೇ ಸಾಕಾಗಿದೆ, ಜಗತ್ತಿನದ್ದು ಯಾಕೆ ಹೊರಲಿ ಅಂದ್ಕೊಂಡಿದ್ದೆ. ನೀರಿನ ದಿನ ನೆನಪಿದೆಯಾ? ಮುಂದಿನ ಬೆಂಚು ಶ್ರೀಮಂತ ದೇಶ, ಅವರಿಗೆ ಒಂದು ಬಕೆಟ್ ನೀರು. ಹಿಂದಿನ ಬೆಂಚು ಬಡ ದೇಶ, ನಮಗೆ ಒಂದು ಲೋಟ. ಎಲ್ಲರೂ ಎದ್ದು ನಿಂತು ಭಾಷಣ ಮಾಡಿ ನೀರು ಕೇಳಿದ್ರು. ನಾನು ಯಾಕೆ ಕೇಳಲಿ? ತೋಟದ ಪೈಪ್ ತುಂಡು ತಂದಿದ್ದೆ. ಬೆಂಚಿನ ಕೆಳಗಿಂದ ಬಿಟ್ಟು, ಒಂದು ಸಲ ಹೀರಿ ಬಿಟ್ಟೆ ನೋಡಿ. ಶ್ರೀಮಂತ ದೇಶದ ಚಡ್ಡಿ ಎಲ್ಲಾ ಒದ್ದೆ. ನೀವು ಬೈತೀರಿ ಅಂತ ಕಾಯ್ತಿದ್ದೆ. ನೀವು ಆ ಪೈಪ್ ಎತ್ತಿ ಹಿಡಿದು, ‘ಇದಕ್ಕೇ ಮಕ್ಕಳೇ ದೇಶದೇಶಗಳು ಹೊಡೆದಾಡೋದು’ ಅಂದ್ರಿ. ನನ್ನ ತರಲೆ ಪಾಠ ಆಗಿದ್ದು ಅದೇ ಮೊದಲು.

ಗಡಿ ದಿನ ಇನ್ನೂ ಮಜಾ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು, ಚೀಟಿ ಎತ್ತಿಸಿದ್ರೆ ಎಲ್ಲರಿಗೂ ದೇಶ ಬಂತು, ನನಗೆ ‘ಊರು ಬಿಟ್ಟವನು’ ಅಂತ ಬಂತು. ಬೆಂಚಿಂದ ಬೆಂಚಿಗೆ ಹೋಗಿ ಜಾಗ ಕೇಳಬೇಕು. ನಾನು ಕುಂಟ್ಕೊಂಡು, ಕೆಮ್ಮಿಕೊಂಡು, ಬ್ಯಾಗನ್ನ ಮಗು ತರ ತಟ್ಟಿಕೊಂಡು ಹೋದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದ್ರೆ ಒಬ್ಬರೂ ಒಳಗೆ ಬಿಡಲಿಲ್ಲ. ‘ಇನ್ನೊಂದು ಸಲ ಕೆಮ್ಮು’ ಅನ್ನೋದು, ನಗೋದು, ‘ಮುಂದೆ ಹೋಗು’ ಅನ್ನೋದು. ಕೊನೇ ಬೆಂಚಿಗೆ ಬರೋ ಹೊತ್ತಿಗೆ ನಾನೂ ಸ್ವಲ್ಪ...

ಬಿಡಿ. ಕೊನೆಗೆ ಒಳಗೆ ಬಿಟ್ಟವಳು ಯಾರು ಹೇಳಿ? ನನ್ನ ತಂಗಿ. ನಮ್ಮ ಜಡ್ಜಮ್ಮ. ನಗಲೂ ಇಲ್ಲ, ಕನ್ನಡಕದ ಮೇಲಿಂದ ನೋಡಿ, ‘ಬಾ. ಆದ್ರೆ ಬಾಯಿ ಮುಚ್ಕೊಂಡಿರಬೇಕು’ ಅಂದ್ಳು. ಪೂರ್ತಿ ಒಂದು ವರ್ಷ ಚಿಕ್ಕವಳು ನನಗಿಂತ. ನಾನು ಒಂದು ಸಲ ಫೇಲಾದೆ ಅಂತ ಇಬ್ಬರೂ ಒಂದೇ ಕ್ಲಾಸು, ಆ ಮಹಾತಾಯಿ ಮನೆಯಲ್ಲೂ ನನಗೆ ಮಾರ್ಕ್ಸ್ ಕೊಡ್ತಾಳೆ.

ಹಾಂ, ಅವಳೇ. ಕಣ್ಣಿಗೆ ಬೆರಳು ಸುತ್ತಿ ತೋರಿಸ್ತಿದ್ದೀರಿ, ಕನ್ನಡಕ, ಗೊತ್ತಾಯ್ತು. ಈ ವಾರ ನಿಮ್ಮ ಕೈಸನ್ನೆ ಎಲ್ಲಾ ನನಗೆ ಬಾಯಿಪಾಠ. ಬೆರಳು ಗಿರಗಿರ ತಿರುಗಿಸಿದ್ರೆ ನಾನು, ಗಿರಗಿಟ್ಲೆ. ಮೂಗು ಮುಟ್ಟಿದ್ರೆ ಹೆಡ್ ಮಾಸ್ಟರ್. ಕನ್ನಡಕ ಅಂದ್ರೆ ಅವಳು. ಅವಳಿಗೇನು? ಚೆನ್ನಾಗಿದ್ದಾಳೆ. ಹಾಲಿನಲ್ಲಿದ್ದಾಳೆ. ವಿಶ್ವಸಭೆಯ ಅಧ್ಯಕ್ಷೆ ಅಲ್ವಾ, ಸುತ್ತಿಗೆ ಹಿಡ್ಕೊಂಡು ಕೂತಿರ್ತಾಳೆ.

ನಿಮ್ಮ ಹತ್ರ ಯಾಕೆ ಬರಲಿಲ್ಲ ಅಂತಾನಾ... ಬಂದಿರ್ತಾಳೆ ಮಿಸ್. ನೀವೇ ಓಡಾಡ್ಕೊಂಡಿದ್ರಿ. ಬಾವುಟ, ಕುರ್ಚಿ, ಬರೋ ದೊಡ್ಡವರು, ಅವರ ಶಾಲು. ಒಂದು ಹುಡುಗಿ ಎಲ್ಲಿ ಬಂದು ಹೋಯ್ತು ಅಂತ ಹೇಗೆ ಗೊತ್ತಾಗತ್ತೆ?

ನಾನು ಅವಳಿಗೆ ಹೇಳಿದೀನಿ. ಅವತ್ತೇ ಹೇಳಿದೀನಿ. ನೀವು ಕಿವಿಯಲ್ಲಿ ಏನು ಹೇಳಿದ್ರೋ ಅದನ್ನೇ. ನಾನು ನಿಮ್ಮ ಬಾಯಿ, ಬಾಯಿ ಯಾವತ್ತಾದ್ರೂ ತಾನಾಗಿ ಸೇರಿಸಿ ಹೇಳತ್ತಾ?

ಯಾಕೆ ಹಾಗೆ ನೋಡ್ತೀರಿ? ಸರಿ, ಅಕ್ಷರಕ್ಕೆ ಅಕ್ಷರ ಹೇಳ್ತೀನಿ, ಕೇಳಿ. ಅವತ್ತು ಪಾಠ, ದುಡಿಯೋ ಮಕ್ಕಳು. ಜಗತ್ತಿನಲ್ಲಿ ಎಷ್ಟೋ ಮಕ್ಕಳು ಸ್ಕೂಲು ಬಿಟ್ಟು ಗಣಿಯಲ್ಲಿ, ಕಾರ್ಖಾನೆಯಲ್ಲಿ, ಬೇರೆಯವರ ಮನೆಯಲ್ಲಿ ದುಡೀತಾರೆ ಅಂತ ನಾನು ನಿಮ್ಮ ದನಿಯಲ್ಲಿ ಹೇಳ್ತಿದ್ದೆ. ಆಗ ಅವಳು ಕೈ ಎತ್ತಿದ್ಳು. ‘ಬೇರೆಯವರ ಮನೆ ಸರಿ ಮಿಸ್. ಸ್ವಂತ ಮಾವನ ಮನೆ ಆದ್ರೆ? ಮಾವನ ಮಕ್ಕಳನ್ನ ನೋಡ್ಕೊಳ್ಳೋಕೆ ಸ್ಕೂಲು ಬಿಟ್ಟು ಹೋದ್ರೆ ಅದನ್ನೂ ದುಡಿಮೆ ಅಂತಾರಾ?’ ನೀವು ನನ್ನ ಕಿವಿಗೆ ಬಾಗಿ ಹೇಳಿದ್ರಿ. ಅಷ್ಟರಲ್ಲಿ ಜವಾನ ಬಂದು ಹೆಡ್ ಮಾಸ್ಟರ್ ಕರೀತಿದ್ದಾರೆ ಅಂದ. ನೀವು ಹೋದ್ರಿ. ನಾನು... ಹೇಳಿದೆ.

ಹೇಳಿದೆ ಅಂದ್ನಲ್ಲ ಮಿಸ್. ಕೇಳಿದ್ದನ್ನೇ ಎಷ್ಟು ಸಲ ಕೇಳ್ತೀರಿ.

ಸೆಖೆ ಅಲ್ವಾ ಇಲ್ಲಿ? ಬೇಡ, ಕಿಟಕಿ ಹತ್ರ ಬೇಡ. ಅಲ್ಲಿ ಜೇನುಗೂಡಿದೆ, ಸರಳಿನ ಆಚೆ. ನಾನು ಇಲ್ಲಿ ನಿಂತಿರೋದೇ ಅದಕ್ಕೆ, ಕಚ್ಚಿದ್ರೆ ನನ್ನನ್ನೇ ಕಚ್ಚಲಿ ಅಂತ. ನೀವು ಸಮುದ್ರದ ಮೇಲೇ ಇರಿ. ಗೇಟು ಕಾಣತ್ತೆ, ಅಷ್ಟೇ, ಅದರಲ್ಲಿ ನೋಡೋಕೆ ಏನಿದೆ. ಗೇಟಿನ ತಾತ ಸ್ಟೂಲ್ ಮೇಲೆ ತೂಕಡಿಸ್ತಿದ್ದಾರೆ.

ಅವಳನ್ನ ಕರ್ಕೊಂಡು ಹೋಗೋಕೆ ಮಾವ ಬರೋದು ನಾಳೆ ಮಿಸ್. ನಾಳೆ ಸಂಜೆ. ಅಷ್ಟರಲ್ಲಿ ನೀವು ಅವಳ ಹತ್ರ ಮಾತಾಡಬಹುದು, ಅಮ್ಮನ ಹತ್ರ ಮಾತಾಡಬಹುದು, ಮಾವನನ್ನೂ ಕೂರಿಸಿಕೊಂಡು ಮಾತಾಡಬಹುದು. ಗಂಟಲೂ ಸರಿಹೋಗಿರತ್ತೆ.

ಮಾವ ಕೆಟ್ಟವರೇನಲ್ಲ. ನೀವು ಹಾಗೆ ತಿಳ್ಕೋಬೇಡಿ. ನಾವಿರೋ ಮನೆ ಅವರದ್ದು, ಒಂದು ದಿನಾನೂ ಅದನ್ನ ಆಡಿ ತೋರಿಸಿಲ್ಲ. ಅತ್ತೆಗೆ ಅವಳಿ ಮಕ್ಕಳು. ಒಂದು ಮಲಗಿದ್ರೆ ಇನ್ನೊಂದು ಏಳತ್ತೆ, ಪಾಳಿ ಹಾಕ್ಕೊಂಡು ಅಳ್ತವೆ. ಅತ್ತೆ ಮತ್ತೆ ಕೆಲಸಕ್ಕೆ ಹೋಗಬೇಕು. ‘ಅಕ್ಕ, ನಿನ್ನ ಎರಡರಲ್ಲಿ ಒಂದನ್ನ ಕಳಿಸು, ಎರಡು ವರ್ಷ, ಮನೆಯ ಮಕ್ಕಳ ತರ ಇರ್ಲಿ’ ಅಂದ್ರು. ಅಮ್ಮ ಹೇಗೆ ಇಲ್ಲ ಅಂತಾರೆ.

ಮೊದಲು ಕರ್ಕೊಂಡು ಹೋಗಿದ್ದು ನನ್ನನ್ನ. ಗೊತ್ತಿಲ್ವಾ ನಿಮಗೆ? ಹೋದ ರಜೆಯಲ್ಲಿ. ಅದೊಂದು ದೊಡ್ಡ ಕಥೆ, ಕೇಳಿ, ನಗ್ತೀರಿ. ಮಾವನದ್ದು ಒಂದು ಡಬ್ಬಾ ವ್ಯಾನ್ ಇದೆ. ಅದರ ಹಾರ್ನ್ ಕೇಳಬೇಕು ನೀವು. ನೆಗಡಿ ಆದ ಬಾತುಕೋಳಿನ ಯಾರೋ ತುಳಿದ ಹಾಗೆ. ‘ಪೀಂ... ಪೊಂಕ್. ಪೀಂ... ಪೊಂಕ್.’ ಪೊಂಕ್ ಕೊನೆಯಲ್ಲಿ ಸ್ವಲ್ಪ ಅಳು ಇದೆ, ಗಮನಿಸಿ. ‘ಪೊಂಕ್ಞ್.’ ದಾರಿ ಉದ್ದಕ್ಕೂ ಅದೇ ಸಂಗೀತ.

ಹೋದ ಮೊದಲ ದಿನಾನೇ ಅಂದ್ಕೊಂಡೆ, ಇಲ್ಲಿ ಎರಡು ವರ್ಷ ಇದ್ರೆ ಮುಗೀತು ನನ್ನ ಕಥೆ. ಬೆಳಗ್ಗೆಯಿಂದ ಎರಡು ತೊಟ್ಟಿಲು. ಕಿಟಕಿ ಆಚೆ ಇನ್ನೊಂದು ಕಟ್ಟಡದ ಗೋಡೆ. ಮಾತಾಡೋಣ ಅಂದ್ರೆ ಕೇಳೋರಿಬ್ಬರಿಗೂ ಹಲ್ಲು ಬಂದಿಲ್ಲ. ನಾನು ಎಷ್ಟು ಜೋಕ್ ಹೇಳಿದ್ರೂ ಉಚ್ಚೆ ಹೊಯ್ದು ಉತ್ತರ ಕೊಡೋವು.

ಸರಿ, ಶುರು ಮಾಡಿದೆ. ಟೀ ಕಪ್ ಕೈಯಿಂದ ಜಾರ್ತು. ‘ಅಯ್ಯೋ ಅತ್ತೆ’ ಅಂದೆ. ಸಂಜೆ ಇನ್ನೊಂದು ಜಾರ್ತು. ಮಗೂಗೆ ಪೌಡರ್ ಹಾಕು ಅಂದ್ರೆ ಗೋಧಿ ಹಿಟ್ಟು ಹಾಕಿದೆ, ಮಗು ಎಣ್ಣೆಗೆ ಬಿಡೋಕೆ ತಯಾರಾದ ಹಾಗೆ ಕಾಣ್ತಿತ್ತು. ಮಾವನಿಗೆ ಫೋನ್ ಬಂದ್ರೆ ಮಾವನ ದನಿಯಲ್ಲೇ ಮಾತಾಡಿ ‘ಇವತ್ತು ಬರಲ್ಲ, ಭೇದಿ’ ಅಂದೆ. ಅದು ಅವರ ಕೆಲಸದ ಯಜಮಾನ. ವಾರ ತುಂಬೋಕೆ ಮುಂಚೆ ಅತ್ತೆ ಕೈ ಮುಗಿದ್ರು ಮಿಸ್. ‘ಇವನು ಬೇಡ, ನನಗೆ ಎರಡು ಮಕ್ಕಳು ಸಾಕು, ಮೂರನೇದು ಬೇಡ’ ಅಂತ. ಮಾವನೇ ವ್ಯಾನಲ್ಲಿ ತಂದು ಮನೆ ಮುಂದೆ ಇಳಿಸಿ ಹೋದ್ರು. ಪೀಂ ಪೊಂಕ್. ನಾನು ಒಳಗೊಳಗೇ ನಗ್ತಾ ನಗ್ತಾ ಬಂದೆ. ಹೇಗಿದೆ?

ಯಾಕೆ ನಗೋದು ನಿಲ್ಲಿಸಿದ್ರಿ? ಆ ಹಿಟ್ಟಿನವರೆಗೂ ನಗ್ತಿದ್ರಿ. ಕಥೆ ಚೆನ್ನಾಗಿದೆ ಮಿಸ್, ಕ್ಲಾಸಲ್ಲಿ ಹೇಳಿದಾಗ ಎಲ್ಲರೂ ನಕ್ಕಿದ್ರು. ತಂಗಿ ಒಬ್ಬಳು... ಅವಳು ಯಾವುದಕ್ಕೆ ನಗ್ತಾಳೆ ಬಿಡಿ.

ಅದಾದ ಮೇಲೆ ಅವರು ಅವಳನ್ನ ಕೇಳ್ತಾರೆ ಅಂತ ನನಗೇನು ಗೊತ್ತು? ನಾನು ಬೇಡ ಅಂದ್ರೆ ಸುಮ್ಮನಾಗ್ತಾರೆ ಅಂದ್ಕೊಂಡೆ. ‘ಎರಡರಲ್ಲಿ ಒಂದು’ ಅಂದಿದ್ರಲ್ಲ, ಒಂದು ಆಗಲಿಲ್ಲ ಅಂದ್ರೆ ಇನ್ನೊಂದು ಅಂತ... ಲೆಕ್ಕದಲ್ಲಿ ನಾನು ಮೊದಲಿಂದ್ಲೂ ಹಿಂದೆ, ನಿಮಗೇ ಗೊತ್ತು.

ಕೂತ್ಕೊಳಿ ಮಿಸ್. ಜೇನು...

ಕೇಳಿಸ್ತಾ? ಇಲ್ಲ, ಏನಿಲ್ಲ. ಅದು ಮೈಕು. ಮೈಕಿನವನು ಏನೋ ಒತ್ತಿದ. ಈ ಕಡೆ ಬನ್ನಿ, ದೊಡ್ಡ ನಕ್ಷೆ ಬಿಚ್ಚಿ ನೋಡೋಣ, ಇಲಿ ತಿಂದಿದ್ರೆ ಅಲ್ಲಿ ಮಾನ ಹೋಗತ್ತೆ. ಹೋದ ಸಲ ಒಂದು ಇಡೀ ದ್ವೀಪಾನೇ ತಿಂದಿತ್ತು, ಜನ ಎಲ್ಲಿಗೆ ಹೋದ್ರು ಅಂತ ನೀವೇ ಕೇಳಿ...

ಮತ್ತೆ ಬಂತಾ?

ಬಾತುಕೋಳಿ ಇರಬಹುದು ಮಿಸ್. ನಿಜವಾದದ್ದು.

ಮಿಸ್.

ಏನಾದ್ರೂ ಸನ್ನೆ ಮಾಡಿ. ಕೈ ಯಾಕೆ ಹಾಗೆ ಮಡಿಲಲ್ಲಿ ಇಟ್ಕೊಂಡ್ರಿ? ಬೈಯಿರಿ, ಗಂಟಲಿಲ್ಲದಿದ್ರೆ ಕೈಯಲ್ಲಿ ಬೈಯಿರಿ. ಒಂದು ಏಟು ಕೊಡಿ, ಸ್ಕೇಲ್ ಅಲ್ಲೇ ಇದೆ. ಇಷ್ಟೊತ್ತೂ ನೀವು ಸುಮ್ಮನಿದ್ದಿದ್ದು ಗಂಟಲಿಂದ. ಈಗ ಸುಮ್ಮನಿರೋದು ಅದಲ್ಲ. ಅಷ್ಟು ನನಗೂ ಗೊತ್ತಾಗತ್ತೆ. ವಾರ ಪೂರ್ತಿ ನಿಮ್ಮ ಬಾಯಿ ನೋಡ್ಕೊಂಡೇ ಇದ್ದವನು ನಾನು.

ಭೂಗೋಳ ಕಡೆ ನೋಡಬೇಡಿ. ಹೌದು. ಉರುಳಲಿಲ್ಲ ಅದು. ನಾನೇ ಎತ್ತಿ ಒಳಗಿಟ್ಟೆ. ಭಾರ ಇದೆ, ಎರಡೂ ಕೈ ಬೇಕಾಯ್ತು.

ಮಾವ ನಾಳೆ ಬರೋದಲ್ಲ. ಇವತ್ತು, ಈಗ. ಎಲ್ಲರೂ ಹಾಲಿನಲ್ಲಿ ಇರೋ ಹೊತ್ತಿಗೆ ಬಂದ್ರೆ ಅಳು, ಕೂಗಾಟ ಏನೂ ಇರಲ್ಲ ಅಂತ ಅಮ್ಮ ಅಂದ್ರು. ಮಾವ ನನಗೆ ಹೇಳಿದ್ರು: ‘ಆ ಟೀಚರ್ ಕೊನೇ ಗಳಿಗೆಯಲ್ಲಿ ಅಡ್ಡ ಬಂದ್ರೂ ಬರಬಹುದು, ಸ್ವಲ್ಪ ಹೊತ್ತು ಮಾತಲ್ಲಿ ಹಿಡಿದಿಡು. ಮಾತಲ್ಲಿ ನಿನ್ನ ಮೀರಿಸೋರು ಯಾರಿದ್ದಾರೆ.’ ಹೊಗಳಿದ್ರು ಮಿಸ್. ನಮ್ಮ ಮನೆ ಕಡೆಯವರು ಯಾರಾದ್ರೂ ನನ್ನನ್ನ ಹೊಗಳಿದ್ದು ಅದೊಂದೇ ಸಲ.

ಅವಳು ಅಧ್ಯಕ್ಷತೆ ಮುಗಿಸಿ ಬರ್ತೀನಿ ಅಂದಿದ್ಳಂತೆ. ಅಷ್ಟೊತ್ತು ವ್ಯಾನ್ ನಿಲ್ಲಲ್ಲ ಅಂದ್ರಂತೆ.

ಇನ್ನೂ ಯಾಕೆ ಸುಮ್ಮನಿದ್ದೀರಿ? ಎಲ್ಲಾ ಹೇಳಿದ್ನಲ್ಲ.

...ಇಲ್ಲ. ಎಲ್ಲಾ ಹೇಳಲಿಲ್ಲ.

ಅವತ್ತು ನೀವು ಕಿವಿಯಲ್ಲಿ ಹೇಳಿದ್ದು ಇದು: ‘ಹೌದು, ಯಾರ ಮನೆಯಾದ್ರೂ ದುಡಿಮೆ ದುಡಿಮೆಯೇ. ಸ್ಕೂಲು ಬಿಡಿಸೋ ಹಕ್ಕು ಮಾವನಿಗೂ ಇಲ್ಲ, ಅಮ್ಮನಿಗೂ ಇಲ್ಲ. ಸಂಜೆ ನನ್ನ ಹತ್ರ ಬಾ, ನಾನು ನೋಡ್ಕೋತೀನಿ.’ ಒಂದು ಅಕ್ಷರ ಮರೆತಿಲ್ಲ ನಾನು. ನೀವು ಬಾಗಿಲು ದಾಟಿದ್ರಿ. ಅವಳು ನನ್ನ ಬಾಯಿ ನೋಡ್ತಾ ನಿಂತಿದ್ಳು. ಮುಖ ಅಲ್ಲ, ಬಾಯಿ. ಆಗ ನನಗೆ ತೊಟ್ಟಿಲು ಕಾಣಿಸ್ತು ಮಿಸ್. ಆ ಗೋಡೆ ಕಾಣಿಸ್ತು. ಅವಳು ಹೋಗಲ್ಲ ಅಂದ್ರೆ ‘ಎರಡರಲ್ಲಿ ಒಂದು’ ಮತ್ತೆ ನನ್ನ ಕಡೆ ತಿರುಗತ್ತೆ. ಈ ಸಲ ಕಪ್ ಒಡೆದ್ರೂ ಬಿಡಲ್ಲ.

ನಿಮ್ಮ ದನಿಯಲ್ಲೇ ಹೇಳಿದೆ. ಹುಬ್ಬೂ ಸೇರಿಸಿ. ‘ಸ್ವಂತದವರ ಮನೆಗೆ ಹೋಗೋದು ದುಡಿಮೆ ಅಲ್ಲಮ್ಮ, ಅದು ಸಹಾಯ. ಹೋಗಿ ಬಾ. ಕೂತ್ಕೋ.’

ಕೂತ್ಕೊಂಡ್ಳು. ನಾನು ಹೇಳಿದ್ದಾಗಿದ್ರೆ ಕನ್ನಡಕದ ಮೇಲಿಂದ ನೋಡಿ ಸೊನ್ನೆ ಕೊಡ್ತಿದ್ಳು. ನೀವು ಹೇಳಿದ್ದು ಅಂದ್ಕೊಂಡ್ಳು. ಮನೆಗೆ ಹೋಗಿ, ‘ಮಿಸ್ ಕೂಡ ಹೋಗಬಹುದು ಅಂದ್ರು’ ಅಂತ ಬಟ್ಟೆ ಮಡಿಸೋಕೆ ಶುರು ಮಾಡಿದ್ಳು. ಅದಕ್ಕೇ ಮಿಸ್ ಅವಳು ನಿಮ್ಮ ಹತ್ರ ಬರದೇ ಇದ್ದಿದ್ದು. ಬರೋಕೆ ಏನುಳಿದಿತ್ತು.

ಏಳ್ತೀರಾ? ಬಡಿಯಿರಿ, ನಾನೂ ಬಡೀತೀನಿ. ಯಾರಿಗೂ ಕೇಳಲ್ಲ ಅಂದಿದ್ದು ಸುಳ್ಳಲ್ಲ, ಅದೊಂದು ನಿಜ. ಕಿಟಕಿಗೆ ಬನ್ನಿ. ಜೇನಿಲ್ಲ, ಏನಿಲ್ಲ. ನೋಡಿ, ವ್ಯಾನ್ ಗೇಟಿನ ಒಳಗೇ ಬಂದು ನಿಂತಿದೆ. ಅಲ್ಲಿ, ಹಾಲಿನ ಮೆಟ್ಟಿಲಿಂದ ಬರ್ತಿರೋದು ಅವಳು. ನೀಲಿ ಬ್ಯಾಗು. ಸಭೆಯ ಸುತ್ತಿಗೆ ಕೈಯಲ್ಲೇ ಇದೆ ನೋಡಿ, ವಾಪಸ್ ಕೊಡೋದು ಮರೆತಿದ್ದಾಳೆ. ಅವಳು ಯಾವತ್ತೂ ಏನೂ ಮರೆಯಲ್ಲ.

ನೀವು ಕೂಗೋಕಾಗಲ್ಲ. ಗಂಟಲು ಮುಟ್ಕೋಬೇಡಿ, ನೋವಾಗತ್ತೆ. ಯಾಕೆ ನನ್ನ ಕಡೆ ಬೆರಳು? ನಾನಾ? ನನ್ನ ಮಾತು ಯಾರು ಕೇಳ್ತಾರೆ ಮಿಸ್, ಬೆಂಕಿ ಬಿದ್ದಿದೆ ಅಂದ್ರೂ ನಗ್ತಾರೆ.

ಇರಿ. ಗೇಟು ಮುಚ್ಚಿಸಬೇಕು ಮೊದಲು. ಗೇಟಿನ ತಾತನಿಗೆ ಪಟಾಕಿ ಹೊಡೆದ್ರೂ ಕೇಳಲ್ಲ, ಹೆಡ್ ಮಾಸ್ಟರ್ ದನಿ ಮಾತ್ರ ಕೇಳತ್ತೆ. ನಿದ್ದೆಯಲ್ಲೂ ಎದ್ದು ನಿಲ್ತಾರೆ.

ಗೊತ್ತು ಮಿಸ್. ಮೂಗು ಮುಟ್ಟಿ ನೆನಪಿಸೋದು ಬೇಡ. ‘ಇನ್ನೊಂದು ಸಲ ನನ್ನ ದನಿ ತೆಗೆದ್ರೆ ನಿನ್ನ ಹೆಸರು ಹೊಡೆದು ಮನೆಗೆ ಕಳಿಸ್ತೀನಿ’ ಅಂದಿದ್ದಾರೆ. ನಿಮ್ಮ ಮುಂದೇನೇ ಅಂದಿದ್ದು. ಹೊಡೀಲಿ ಬಿಡಿ.

‘ಏಯ್... ಗೇಟು. ಯಾರ್ರೀ ಅದು ಗೇಟು ತೆಗೆದಿಟ್ಟಿರೋದು. ಹೂಂ? ಮುಚ್ಚ್ರೀ. ಬೀಗ ಹಾಕ್ರೀ. ನಾನು ಹೇಳೋವರೆಗೂ ಒಂದು ನೊಣ ಆಚೆ ಹೋಗಬಾರದು.’

ಎದ್ರು. ಸ್ಟೂಲ್ ಬಿತ್ತು. ಮುಚ್ತಿದ್ದಾರೆ ಮಿಸ್, ಆ ಕಿರ್ರೋ ಸದ್ದು ಕೇಳಿ. ಮಾವ ಇಳಿದ್ರು, ಕೈ ಬೀಸ್ತಿದ್ದಾರೆ, ತಾತ ಮೇಲೆ ನಮ್ಮ ಕಡೆ ತೋರಿಸ್ತಿದ್ದಾರೆ. ಅವಳೂ ನೋಡಿದ್ಳು. ಅವಳಿಗೆ ಗೊತ್ತಾಯ್ತು ಇದು ಯಾರು ಅಂತ. ಅವಳಿಗೆ ಮೊದಲಿಂದ್ಲೂ ಗೊತ್ತಾಗತ್ತೆ, ಅವತ್ತೊಂದು ದಿನ ಬಿಟ್ಟು. ಅವತ್ತು ಅವಳಿಗೆ ನಂಬೋದು ಬೇಕಿತ್ತು.

ನಿಮ್ಮ ದನಿಯಲ್ಲಿ ಹೇಳಲಾ? ಯಾಕೆ ತಲೆ ಅಲ್ಲಾಡಿಸ್ತೀರಿ? ನಂದೇ ದನಿಯಲ್ಲಾ?

ಅದು ಹೇಗಿರತ್ತೆ ಅಂತಾನೇ...

ಏಯ್ ಜಡ್ಜಮ್ಮ. ಇಲ್ಲಿ ಕೇಳೇ. ಮಿಸ್ ಅವತ್ತು ಹಾಗೆ ಹೇಳಿರಲಿಲ್ಲ. ಅದು ನಾನು ಹೇಳಿದ್ದು. ನಾನು. ಮಿಸ್ ಹೋಗಬೇಡ ಅಂದಿದ್ರು. ಅದೂ ದುಡಿಮೇನೇ ಅಂದಿದ್ರು. ಇಲ್ಲೇ ಇದ್ದಾರೆ ನೋಡು, ಸರಳಿಂದ ಕೈ ಆಚೆ ಹಾಕಿ ಮಿಸ್, ಬೇಡ ಅಂತ ಬೀಸಿ, ಹಾಂ. ಜೋಕಲ್ಲ ಕಣೇ. ನಗಬೇಡ. ನೀನು ನಗಲ್ಲ, ಗೊತ್ತು. ಹೋಗಬೇಡ.

ನಿಂತಿದ್ದಾಳೆ. ಕನ್ನಡಕ ಮೇಲೆ ತಳ್ಕೊಂಡ್ಳು.

ಮಾವ ಕರೀತಿದ್ದಾರೆ. ವ್ಯಾನ್ ಬಾಗಿಲು ತೆಗೆದ್ರು.

ಮಿಸ್... ಬ್ಯಾಗ್ ಕೆಳಗಿಟ್ಟಳು. ನೆಲದ ಮೇಲೆ. ಅದರ ಮೇಲೇ ಕೂತ್ಕೊಂಡ್ಳು ನೋಡಿ, ಸುತ್ತಿಗೆ ಮಡಿಲಲ್ಲಿಟ್ಟು. ಇನ್ನು ನಾಲ್ಕು ಜನ ಬಂದ್ರೂ ಏಳಲ್ಲ ಅವಳು. ನನಗೆ ಗೊತ್ತು, ಅವಳ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಜಗಳ ಆಡಿದವನು ನಾನು.

ಮಾವ ಈಗ ಈ ಕಡೆ ಬರ್ತಿದ್ದಾರೆ. ಕೆಳಗಿನ ಮೆಟ್ಟಿಲು. ಅವರ ಚಪ್ಪಲಿಗೆ ಒಂದು ಸದ್ದಿದೆ, ಅದನ್ನೂ ಮಾಡಿ ತೋರಿಸಬಲ್ಲೆ. ಈಗ ಬೇಡ. ನಮಗೆ ಬಾಗಿಲು ತೆಗೆಯೋಕೆ ಯಾರಾದ್ರೂ ಬರ್ತಾರೆ ಅಂದಿದ್ನಲ್ಲ, ಬಂದ್ರು. ಹೊರಗಡೆ ಹಿಡಿ ಗಟ್ಟಿಯಾಗೇ ಇದೆ.

ನೀವು ಹೆದರಬೇಡಿ ಮಿಸ್. ನಿಮ್ಮ ಮೇಲೆ ಕೂಗಲ್ಲ ಅವರು. ನಾನು ಮುಂದೆ ನಿಲ್ತೀನಿ. ಅವರಿಗೆ ಹೇಳ್ತೀನಿ, ನಡೀರಿ ಮಾವ, ನಾನೇ ಬರ್ತೀನಿ, ಈ ಸಲ ಕಪ್ ಒಡೆಯಲ್ಲ ಅಂತ. ಹೆಸರು ಹೇಗೂ ಹೊಡೀತಾರೆ ಇಲ್ಲಿ. ಮಕ್ಕಳಿಗೆ ಇಷ್ಟೊತ್ತಿಗೆ ಹಲ್ಲೂ ಬಂದಿರತ್ತೆ, ಜೋಕಿಗೆ ನಗ್ತವೋ ಏನೋ. ‘ಎರಡರಲ್ಲಿ ಒಂದು’ ಅಂದಿದ್ದಾರೆ, ಒಂದು ಹೋದ್ರೆ ಇನ್ನೊಂದು ಉಳೀತು. ಲೆಕ್ಕ ಸರಿ ಇದೆ ಅಲ್ವಾ? ಈ ಸಲ ಸರಿ ಇದೆ.

ತೋಳು ಬಿಡಿ ಮಿಸ್. ಯಾಕೆ ಹಿಂದಕ್ಕೆ ಎಳೀತೀರಿ?

ಏನದು, ಬೇಗ ಬೇಗ ಮಾಡಬೇಡಿ. ಇನ್ನೊಂದು ಸಲ ಮಾಡಿ. ಬೆರಳು ತಿರುಗಿಸ್ತಿದ್ದೀರಿ. ಗಿರಗಿರ. ಅದು ನಾನು. ಆಮೇಲೆ ತಲೆ ಅಲ್ಲಾಡಿಸ್ತಿದ್ದೀರಿ, ಇಲ್ಲ ಅಂತ. ಅವಳಿಗೆ ಬೀಸಿದ್ರಲ್ಲ ಕೈ, ಅದೇ ತರ.

ಇಲ್ಲ ಮಿಸ್, ಅದು ಅವಳ ಪಾಠ. ಓದೋ ಮಕ್ಕಳ ಪಾಠ.

...ನಾನೂನಾ?